ಗುರುವು ಮರೆಯಾದ ಗ್ರಂಥ: ಬಾನ್‌ಹಾಫರರ ‘ಕೂಡಿ ಬಾಳುವುದು’ ಕುರಿತು

ಡೀಟ್ರಿಚ್ ಬಾನ್‌ಹಾಫರರ ‘ಗೆಮೈನ್‌ಸಾಮೆಸ್ ಲೇಬೆನ್’ ಎಂಬ ಕಿರುಗ್ರಂಥವನ್ನು ನಾವು ಬಹುಮಟ್ಟಿಗೆ ಜಾನ್ ಡೋಬರ್‌ಸ್ಟೈನರ 1954ರ ಇಂಗ್ಲಿಷ್ ಅನುವಾದದ ಮೂಲಕ ಬಲ್ಲೆವು. ಕನ್ನಡದಲ್ಲಿ ಅದರ ಹೆಸರನ್ನು ‘ಕೂಡಿ ಬಾಳುವುದು’ ಎನ್ನಬಹುದು. ನಾನು ಕಂಡಂತೆ ಸೆಮಿನರಿಗಳಲ್ಲಿ ಇದು ಧ್ಯಾನಕೂಟದ ಪುಸ್ತಕ. ವರ್ಷಾರಂಭದಲ್ಲಿ ಇದರಿಂದ ಎರಡು ಪುಟ ಓದುತ್ತೇವೆ. ಆ ವಾರವೇ ವಸತಿನಿಲಯದ ನಿಯಮಗಳನ್ನು ಇನ್ನಷ್ಟು ಬಿಗಿಗೊಳಿಸುತ್ತೇವೆ. ವಿದ್ಯಾರ್ಥಿಯಾಗಿದ್ದಾಗ ಆ ನಿಯಮಗಳಿಗೆ ಒಳಗಾದೆನು, ಬೋಧಕನಾದ ಮೇಲೆ ನಾನೇ ಅವುಗಳನ್ನು ಬರೆದೆನು. ಗ್ರಂಥವು ಇಂಥ ಬಳಕೆಗೆ ಇಷ್ಟು ಸುಲಭವಾಗಿ ಒದಗುವುದೇಕೆ ಎಂಬುದು ಈ ವಿಮರ್ಶೆಯ ಪ್ರಶ್ನೆ.

ಹಿನ್ನೆಲೆ ಓದುಗರಿಗೆ ತಿಳಿದದ್ದೇ. ಹಿಟ್ಲರನ ಆಳ್ವಿಕೆಗೆ ಸಭೆಯನ್ನು ಒಪ್ಪಿಸಲೊಲ್ಲದೆ ನಿಂತ ಕನ್‌ಫೆಸಿಂಗ್ ಚರ್ಚ್ 1935ರಲ್ಲಿ ತನ್ನ ಸೇವಾರ್ಥಿಗಳ ತರಬೇತಿಗೆಂದು ಬಾನ್‌ಹಾಫರರನ್ನು ಕರೆಯಿತು. ಅದಕ್ಕೆ ಮೊದಲು ಅವರು ಭಾರತಕ್ಕೆ ಬಂದು ಗಾಂಧಿಯವರ ಆಶ್ರಮದಲ್ಲಿರಬೇಕೆಂದು ಬಯಸಿದ್ದರು. 1934ರಲ್ಲಿ ಗಾಂಧಿಯವರ ಆಹ್ವಾನವೂ ದೊರೆತಿತ್ತು. ಆ ಪ್ರಯಾಣ ನಡೆಯಲಿಲ್ಲ. ಬಾಲ್ಟಿಕ್ ತೀರದ ತ್ಸಿಂಗ್‌ಸ್ಟ್‌ನಲ್ಲಿ ಆರಂಭವಾದ ಸೆಮಿನರಿಯು ಕೆಲವೇ ವಾರಗಳಲ್ಲಿ ಸ್ಟೆಟಿನ್ ಬಳಿಯ ಫಿಂಕನ್‌ವಾಲ್ಡೆಗೆ ಸ್ಥಳಾಂತರವಾಯಿತು. 1937ರಲ್ಲಿ ಗೆಸ್ಟಾಪೊ ಅದನ್ನು ಮುಚ್ಚಿಸಿತು. ಮರುವರ್ಷ ಗಟಿಂಗನ್‌ನಲ್ಲಿ, ದೇಶ ಬಿಟ್ಟುಹೋಗಿದ್ದ ಸಹೋದರಿಯ ಬರಿದಾದ ಮನೆಯಲ್ಲಿ ಕುಳಿತು, ಸುಮಾರು ನಾಲ್ಕು ವಾರಗಳಲ್ಲಿ ಬಾನ್‌ಹಾಫರರು ಈ ಗ್ರಂಥವನ್ನು ಬರೆದರು. ಅಚ್ಚಾದದ್ದು 1939ರಲ್ಲಿ.

ಐದು ಅಧ್ಯಾಯಗಳಲ್ಲಿ ಮೊದಲನೆಯದೇ ಹೆಚ್ಚು ಉಲ್ಲೇಖಗೊಳ್ಳುತ್ತದೆ. ಸಭೆಯ ಬಗ್ಗೆ ತನ್ನದೇ ಕನಸನ್ನು ಕಟ್ಟಿಕೊಂಡವನು, ಆ ಕನಸು ಎಷ್ಟೇ ಪವಿತ್ರವಾಗಿರಲಿ, ಇರುವ ಸಭೆಯನ್ನು ಕೆಡಿಸುತ್ತಾನೆ ಎಂಬ ವಾದ ಅಲ್ಲಿಯದು. ಮುಂದಿನ ಎರಡು ಅಧ್ಯಾಯಗಳು ಕೂಡಿರುವ ದಿನವನ್ನೂ ಏಕಾಂತದ ದಿನವನ್ನೂ ಕುರಿತವು. ಏಕಸ್ವರದ ಗಾಯನವನ್ನು ಸಮರ್ಥಿಸುತ್ತಾ ತಮಗೆ ತೋಚಿದಂತೆ ಬೇರೆ ಸ್ವರ ಸೇರಿಸುವವರನ್ನು ಗ್ರಂಥಕರ್ತರು ಗದರಿಸುವ ಭಾಗವನ್ನು, ನಾಲ್ಕು ಸ್ವರಗಳಲ್ಲಿ ಹಾಡಿ ಬೆಳೆದ ಬಾಸೆಲ್ ಮಿಷನ್ ಪರಂಪರೆಯ ನಮ್ಮವರು ನಗದೆ ಓದಲಾರರು. ನಾಲ್ಕನೆಯ ಅಧ್ಯಾಯದ ಅನುಕ್ರಮವನ್ನು ಮಾತ್ರ ನಿಧಾನವಾಗಿ ಗಮನಿಸಬೇಕು. ನಾಲಿಗೆಯನ್ನು ಹಿಡಿಯುವ ಸೇವೆ, ದೀನತೆ, ಕಿವಿಗೊಡುವಿಕೆ, ಕೈಗೆಲಸದ ನೆರವು, ಮತ್ತೊಬ್ಬನ ಭಾರವನ್ನು ಹೊರುವುದು, ಇಷ್ಟೆಲ್ಲ ಆದ ಮೇಲೆ ವಾಕ್ಯವನ್ನು ನುಡಿಯುವ ಸೇವೆ; ಕಟ್ಟಕಡೆಗೆ ಅಧಿಕಾರ. ನಮ್ಮ ಪಠ್ಯಕ್ರಮದಲ್ಲಿ ಪ್ರಸಂಗಶಾಸ್ತ್ರವೂ ಸಭಾಡಳಿತವೂ ಅಂಕ ತರುವ ವಿಷಯಗಳು. ಕಿವಿಗೊಡುವುದಕ್ಕೆ ಅಂಕವಿಲ್ಲ. ಆದಕಾರಣ ಅದು ಕಲಿಕೆಯೆಂದೇ ಯಾರಿಗೂ ತೋರುವುದಿಲ್ಲ.

ಆದರೂ ಗ್ರಂಥದಲ್ಲಿ ಗಂಭೀರವಾದ ಒಂದು ಕೊರತೆಯಿದೆ. ಸಹೋದರರು ಇಲ್ಲಿ ಎಲ್ಲೆಲ್ಲಿಯೂ ಇದ್ದಾರೆ, ಗುರುವು ಎಲ್ಲಿಯೂ ಕಾಣನು. ವಿಧಿಗಳನ್ನು ನುಡಿಯುವ ಧ್ವನಿಗೆ ಮುಖವಿಲ್ಲ. ಆ ಮುಖ ಕಾಣುವುದು 1967ರಲ್ಲಿ ಪ್ರಕಟವಾದ ಎಬರ್‌ಹಾರ್ಡ್ ಬೆತ್ಗೆಯವರ ಜೀವನಚರಿತ್ರೆಯಲ್ಲಿ. ಬೆತ್ಗೆ ಸ್ವತಃ ಆ ಸೆಮಿನರಿಯ ವಿದ್ಯಾರ್ಥಿ. ತ್ಸಿಂಗ್‌ಸ್ಟ್‌ನ ಮೊದಲ ದಿನಗಳಲ್ಲೊಮ್ಮೆ ಅಡುಗೆಮನೆಯಿಂದ ನೆರವಿನ ಕೋರಿಕೆ ಬಂದಿತು; ಯಾರೂ ಏಳಲಿಲ್ಲ. ಬಾನ್‌ಹಾಫರರು ಮಾತಿಲ್ಲದೆ ಎದ್ದು ಒಳಗೆ ಹೋದರು. ನಾಚಿ ಹಿಂದೆಯೇ ಧಾವಿಸಿದವರನ್ನು ಒಳಗೆ ಬಿಡಲಿಲ್ಲ, ಆ ಮೇಲೆ ಅದರ ಕುರಿತು ಏನನ್ನೂ ಆಡಲಿಲ್ಲ. ಬೆಳಗಿನ ಅರ್ಧ ತಾಸಿನ ಮೌನಧ್ಯಾನ ವಿದ್ಯಾರ್ಥಿಗಳಿಗೆ ಭಾರವಾಗಿದ್ದಿತು, ಕೆಲವರು ತೂಕಡಿಸಿದರು, ಕೆಲವರು ಪ್ರಸಂಗ ಸಿದ್ಧಪಡಿಸಿಕೊಂಡರು ಎಂಬುದನ್ನೂ ಬೆತ್ಗೆ ಮರೆಮಾಚುವುದಿಲ್ಲ.

ಎಲ್ಲಕ್ಕಿಂತ ಮಿಗಿಲಾದದ್ದು ಪಾಪದ ಅರಿಕೆಯ ಸಂಗತಿ. ಯಾಕೋಬನ ಪತ್ರಿಕೆಯ 5:16ನ್ನು ಆಧರಿಸಿದ ಐದನೆಯ ಅಧ್ಯಾಯವು, ಒಬ್ಬ ಸಹೋದರನು ಮತ್ತೊಬ್ಬನ ಮುಂದೆ ತನ್ನ ಪಾಪವನ್ನು ಹೆಸರಿಟ್ಟು ಹೇಳಬೇಕೆಂದು ಕಲಿಸುತ್ತದೆ. ಒಬ್ಬನೇ ಎಲ್ಲರ ಅರಿಕೆಯನ್ನು ಕೇಳುವವನಾಗಬಾರದು, ತಾನು ಅರಿಕೆ ಮಾಡದವನು ಮತ್ತೊಬ್ಬನದನ್ನು ಕೇಳಬಾರದು ಎಂದೂ ಎಚ್ಚರಿಸುತ್ತದೆ. ಫಿಂಕನ್‌ವಾಲ್ಡೆಯಲ್ಲಿ ಒಂದು ದಿನ ಗುರುವೇ ತನ್ನ ಶಿಷ್ಯರಲ್ಲೊಬ್ಬನನ್ನು, ಈ ವಿಷಯದಲ್ಲಿ ಅನುಭವವೇ ಇಲ್ಲದವನನ್ನು, ತನ್ನ ಅರಿಕೆ ಕೇಳುವಂತೆ ಬೇಡಿಕೊಂಡರು. ಈ ಘಟನೆ ಗ್ರಂಥದಲ್ಲಿಲ್ಲ. ಅರಿಕೆಯ ಗೌಪ್ಯವೂ ವಿನಯವೂ ಅದನ್ನು ಬರೆಯಗೊಡಲಿಲ್ಲವೆಂದು ಊಹಿಸಬಹುದು. ಆ ಮೌನವನ್ನು ಗೌರವಿಸುತ್ತೇನೆ. ಅದರ ಬೆಲೆಯನ್ನು ಮಾತ್ರ ಓದುಗರು ತೆರುತ್ತಿದ್ದಾರೆ. ಗುರುವು ಮೊದಲು ಮಂಡಿಯೂರಿದ ಮನೆಯಲ್ಲಿ ಹುಟ್ಟಿದ ಮಾತುಗಳು, ಗುರುವು ಕಾಣದ ಪುಟಗಳಲ್ಲಿ, ಶಿಷ್ಯರಿಗೆ ವಿಧಿಸಿದ ಕಟ್ಟಳೆಗಳಂತೆ ಕೇಳಿಸುತ್ತವೆ. ನಾವು ಓದುತ್ತಿರುವುದು ಹಾಗೆಯೇ.

ಕಾರ್ಲ್ ಬಾರ್ಥ್ 1936ರಲ್ಲೇ ಪತ್ರವೊಂದರಲ್ಲಿ ಈ ಸೆಮಿನರಿಯ ಬಗೆಗೆ ಮಠದ ಗಾಳಿಯ ಶಂಕೆಯನ್ನು ವ್ಯಕ್ತಪಡಿಸಿದ್ದರು. ಆ ಆಕ್ಷೇಪ ಪೂರ್ಣವಾಗಿ ನ್ಯಾಯವಲ್ಲ. ಫಿಂಕನ್‌ವಾಲ್ಡೆ ಮುಚ್ಚಿದ ಮೇಲೆ ಕೆಲಸ ನಿಲ್ಲಲಿಲ್ಲ. ಕೋಸ್ಲಿನ್, ಗ್ರೋಸ್-ಶ್ಲೋನ್‌ವಿಟ್ಸ್ ಪ್ರದೇಶಗಳಲ್ಲಿ ವಿದ್ಯಾರ್ಥಿಗಳು ಸಭಾಪಾಲಕರ ಸಹಾಯಕರೆಂಬ ಹೆಸರಿನಲ್ಲಿ ಇರುತ್ತಾ 1940ರವರೆಗೂ ಕಲಿತರು. ಮನೆ ಹೋಯಿತು, ಶಿಷ್ಯತ್ವ ಉಳಿಯಿತು. ವಿಚಿತ್ರವೆಂದರೆ, ಗ್ರಂಥ ಬರೆದದ್ದು ಈ ಕಾಲದಲ್ಲಿಯೇ ಆದರೂ ಈ ಅನುಭವ ಅದರೊಳಗೆ ಬರಲಿಲ್ಲ. ಬರೆದಿದ್ದರೆ, ವಿಶಾಲವಾದ ಆವರಣವಿಲ್ಲದೆ ಹಳ್ಳಿಯ ಪಾದ್ರಿಮನೆಯಲ್ಲಿ ಒಬ್ಬಿಬ್ಬರನ್ನು ಸಿದ್ಧಪಡಿಸುವ ನಮ್ಮ ಸಭಾಪಾಲಕರಿಗೆ ಅದು ಮೊದಲ ಅಧ್ಯಾಯಕ್ಕಿಂತಲೂ ಹೆಚ್ಚು ಉಪಯುಕ್ತವಾಗುತ್ತಿತ್ತು.

ಇನ್ನೊಂದು ಮಾತು. ಕುಟುಂಬಪ್ರಾರ್ಥನೆಯನ್ನು ಗ್ರಂಥಕರ್ತರು ನೆನೆಯುತ್ತಾರೆ, ನಿಜ. ಆದರೂ ಸೇವೆಗೆ ಸಿದ್ಧವಾಗುವವನು ಇಲ್ಲಿ ಇಪ್ಪತ್ತೈದರ ಆಸುಪಾಸಿನ ಗಂಡಸು. ಅವನ ನಂಬಿಕೆ ಸೆಮಿನರಿಯ ಬಾಗಿಲಲ್ಲೇ ಆರಂಭವಾದಂತೆ ತೋರುತ್ತದೆ. ಪೌಲನಾದರೋ ತಿಮೊಥೆಯನಿಗೆ ಬರೆಯುವಾಗ, ನಂಬತಕ್ಕ ಮನುಷ್ಯರಿಗೆ ಬೋಧನೆಯನ್ನು ಒಪ್ಪಿಸುವ ಮಾತಿಗೆ ಮೊದಲೇ ಅಜ್ಜಿ ಲೋವಿಯ ಹೆಸರನ್ನೂ ತಾಯಿ ಯೂನಿಕೆಯ ಹೆಸರನ್ನೂ ಎತ್ತುತ್ತಾನೆ. ಪ್ರವೇಶ ಸಂದರ್ಶನಗಳಲ್ಲಿ ಅಭ್ಯರ್ಥಿಯ ಅಂಕಪಟ್ಟಿಯನ್ನೂ ಬಿಷಪರ ಶಿಫಾರಸನ್ನೂ ಕೇಳುವ ನಾವು, ಪ್ರಾರ್ಥನೆ ಕಲಿಸಿದ ಅಜ್ಜಿಯ ವಿಷಯವನ್ನು ಕೇಳಿದ್ದು ವಿರಳ.

ಬರುವ ವರ್ಷ ಇದನ್ನು ಪಾಠಕ್ಕಿಡುವವರು ಕೊನೆಯ ಅಧ್ಯಾಯದಿಂದ ಆರಂಭಿಸಿ, ಬೆತ್ಗೆಯವರ ಪುಟಗಳನ್ನು ಜೊತೆಗಿಟ್ಟು ಓದಲಿ. ಮೊದಲು ಬೋಧಕರ ಕೊಠಡಿಯಲ್ಲಿ, ವಿದ್ಯಾರ್ಥಿಗಳಿಲ್ಲದೆ ಓದಿದರೆ ಇನ್ನೂ ಒಳಿತು.