ಹಾಲಾಹಲದ ಕನ್ನಡಿ



ಚಿತ್ರಕಥೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಬಾಲ್ಯದಲ್ಲಿ ಓದಿದ ಅಮರ ಚಿತ್ರಕಥೆ. ಮಕ್ಕಳ ಕೈಗಿತ್ತು ಹಿರಿಯರು ನಿಶ್ಚಿಂತರಾಗಿರುತ್ತಿದ್ದ ಪುಸ್ತಕಗಳವು. ಈಚೆಗೆ ಯಲಹಂಕದ ತರುಣನೊಬ್ಬ ನನ್ನ ಕೈಗಿತ್ತ ಚಿತ್ರಕಾದಂಬರಿ ಅಂಥದಲ್ಲ. "ಫಾದರ್, ಇದನ್ನು ಮನೆಯಲ್ಲಿ ತೆರೆದರೆ 'ನಮಗೇಕೆ ಈ ರಾಜಕೀಯ' ಎಂದು ಅಪ್ಪ ಬೈಯುತ್ತಾರೆ. ನೀವೇ ಓದಿ ಹೇಳಿ" ಎಂದನು.

ಬೆಂಗಳೂರನ್ನು ನೆಲೆಯಾಗಿಸಿಕೊಂಡ ಜಾರ್ಜ್ ಮಾಥನ್, 'ಅಪ್ಪುಪೆನ್' ಎಂಬ ಹೆಸರಿನಲ್ಲಿ ಬರೆಯುವ ಚಿತ್ರಕಾರರು. 2009ರ 'ಮೂನ್‌ವರ್ಡ್' ಕೃತಿಯಿಂದ ಮೊದಲ್ಗೊಂಡು ಅವರು ಕಟ್ಟುತ್ತ ಬಂದಿರುವ ಕಲ್ಪನಾಲೋಕದ ಹೆಸರು 'ಹಾಲಾಹಲ'. ಸಮುದ್ರಮಥನದಲ್ಲಿ ಅಮೃತಕ್ಕೆ ಮೊದಲು ಉಕ್ಕಿದ ವಿಷದ ಹೆಸರೇ ಅದು. ಈ ಮಾಲೆಯ ಕೆಲವು ಪುಸ್ತಕಗಳಲ್ಲಿ ಮಾತೇ ಇಲ್ಲವೆನ್ನಬಹುದು. ಚಿತ್ರವೇ ಕಥೆ ಹೇಳುತ್ತದೆ. ನಾನು ಓದಿದ್ದು 2018ರ 'ದ ಸ್ನೇಕ್ ಆ್ಯಂಡ್ ದ ಲೋಟಸ್'. ಹೊರಗೆ ಹಸಿರು ನಾಶವಾಗಿದೆ. ಒಳಗೆ ಬಿಳಿಯ ನಗರವೊಂದರಲ್ಲಿ ಅಳಿದುಳಿದ ಮನುಷ್ಯರು ಕಮಲದ ಹಾಲಿನ ಅಮಲಿಗೆ ದಾಸರಾಗಿ, ಯಂತ್ರಗಳ ಆಸರೆಯಲ್ಲಿ ಬದುಕಿದ್ದಾರೆ.

1982ರಲ್ಲಿ ಇಂಗ್ಲೆಂಡಿನ ಅಲನ್ ಮೂರ್ ಮತ್ತು ಡೇವಿಡ್ ಲಾಯ್ಡ್ ಆರಂಭಿಸಿದ 'ವಿ ಫಾರ್ ವೆಂಡೆಟಾ' ಎಂಬ ಪ್ರಸಿದ್ಧ ಮಾಲೆಯಲ್ಲಿ ಸರ್ಕಾರವು ಭಯದಿಂದ ಆಳುತ್ತದೆ. ಹಾಲಾಹಲದಲ್ಲಿ ಆಳುವುದು ಸುಖ. ಭಯಪಡಿಸುವವನನ್ನು ಎಂದಾದರೊಂದು ದಿನ ಎದುರಿಸಬಹುದು. ಹಾಲೂಡುವ ಕೈಯನ್ನು ಎದುರಿಸುವವರು ಯಾರು? ಈ ಕೃತಿಯ ಶಕ್ತಿ ಇರುವುದು ಇಲ್ಲಿಯೇ.

ಕೊರತೆಯೂ ಇಲ್ಲದಿಲ್ಲ. ಕಪ್ಪು ಬಿಳುಪಿನ ಭವ್ಯ ಪುಟಗಳಲ್ಲಿ ನಗರ ಕಾಣುವಷ್ಟು ಸ್ಪಷ್ಟವಾಗಿ ನೆರೆಮನೆಯವನ ಮುಖ ಕಾಣುವುದಿಲ್ಲ. ಇದೇ ಕಲಾವಿದರ ಇನ್ನೊಂದು ಸೃಷ್ಟಿಯಾದ 'ರಾಷ್ಟ್ರಮ್ಯಾನ್', ದೇಶಭಕ್ತಿಯ ಹೆಸರಿನಲ್ಲಿ ಮೆರೆಯುವ ಮಹಾಶೂರನ ವಿಡಂಬನೆ. ಅದನ್ನು ಓದಿ ನಕ್ಕೆ. ಆದರೆ ಆ ನಗು ಬಲುಬೇಗ ಇನ್ನೊಬ್ಬರ ಕಡೆಗೆ ಬೆರಳು ತೋರಿಸಿ ಮುಗಿದುಹೋಯಿತು. ಡಾ. ಎಂ. ಶಿವರಾಂ 1942ರಲ್ಲಿ ಆರಂಭಿಸಿದ 'ಕೊರವಂಜಿ' ನಮ್ಮನ್ನು ನಾವೇ ನೋಡಿ ನಗುವಂತೆ ಮಾಡುತ್ತಿತ್ತು. ಆರ್. ಕೆ. ಲಕ್ಷ್ಮಣರ ರೇಖೆಗಳು ಆ ಪುಟಗಳಲ್ಲಿಯೂ ಮೂಡಿದ್ದವು. ವಿಡಂಬನೆಯು ಓದುಗನನ್ನೂ ಸುಡಬೇಕು; ಇಲ್ಲವಾದರೆ ಅದೂ ಒಂದು ಬಗೆಯ ಕಮಲದ ಹಾಲೇ.

ಇಂತಹ ಸಾಹಿತ್ಯ ನಮಗೇನೂ ಹೊಸದಲ್ಲ. ಪ್ರಕಟನಾ ಗ್ರಂಥದ ಏಳು ತಲೆ, ಹತ್ತು ಕೊಂಬುಗಳ ಮೃಗವನ್ನು ನೆನೆಯಿರಿ. ಅಲ್ಲಿ ಯಾವ ಚಕ್ರವರ್ತಿಯ ಹೆಸರೂ ಇಲ್ಲ. ಆದರೂ ಕೇಳಿದ ಸಭೆಗಳಿಗೆ ರೋಮ್ ಕಂಡಿತು. ಆದರೆ ಅದೇ ಗ್ರಂಥವು ಮೃಗದ ಬಳಿಗೆ ಹೋಗುವ ಮೊದಲೇ ಆ ಏಳು ಸಭೆಗಳನ್ನು ಒಂದೊಂದಾಗಿ ಪ್ರಶ್ನಿಸುತ್ತದೆ. ಲವೊದಿಕೀಯದವರಿಗೆ ಅವರ ಸಿರಿತನವೇ ಕುರುಡಾಗಿತ್ತು. ಈ ಕ್ರಮವನ್ನು ನಾವು ಮರೆಯಬಾರದು.

ಆದುದರಿಂದ ಆ ತರುಣನಿಗೆ ಹೀಗೆಂದೆ: "ಓದು, ಆದರೆ ಕದ್ದು ಓದಬೇಡ. ಅಪ್ಪನ ಪಕ್ಕದಲ್ಲಿ ಕುಳಿತು ಓದು. ಈ ಅರಸ ಯಾರು ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಮನೆಯ ಕಮಲದ ಹಾಲು ಯಾವುದು ಎಂದು ಮೊದಲು ಕೇಳಿಕೊಳ್ಳಿ."

ಓದುಗರೇ, ಹೆಬ್ಬಾಳದಿಂದ ಯಲಹಂಕದವರೆಗೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಕಾವಲುಗಾರರಿರುವ ಎತ್ತರದ ಗೇಟುಗಳನ್ನು ನೀವು ಕಂಡಿದ್ದೀರಿ. ಕೆಲವರು ಅವುಗಳ ಒಳಗೇ ವಾಸಿಸುತ್ತೀರಿ. 2024ರ ಬೇಸಿಗೆಯಲ್ಲಿ ಆ ಗೇಟುಗಳ ಎದುರು ನೀರಿನ ಟ್ಯಾಂಕರುಗಳು ಕಾದು ನಿಂತಾಗ, ಗೋಡೆಯಾಚೆಯ ಓಣಿಯಲ್ಲಿ ಖಾಲಿ ಕೊಡಗಳ ಸಾಲಿತ್ತು. ಆ ಸಾಲು ನಿಮಗೆ ಕಂಡಿತ್ತೇ?