ಫೋಟೋ ಇದ್ದಂಗಿಲ್ಲ

ಆನ್‌ಸೈಟ್‌ಗೆ ಹೋದಾಗ ಒಂದು ಶನಿವಾರ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ನೋಡಿ ಬಂದೆ. ಅಲ್ಲಿ ವರ್ಮೀರ್‌ನ ‘ಮಿಲ್ಕ್‌ಮೇಡ್’ ಇದೆ. 1660ರ ಆಸುಪಾಸಿನದು, ಒಂದೂವರೆ ಅಡಿ ಎತ್ತರದ ಪುಟ್ಟ ಚಿತ್ರ. ಕಿಟಕಿ ಪಕ್ಕ ನಿಂತು ಒಬ್ಬ ಕೆಲಸದ ಹೆಂಗಸು ಹಾಲು ಸುರಿಯುತ್ತಿದ್ದಾಳೆ, ಅಷ್ಟೇ. ‘ಥೇಟ್ ಫೋಟೋ ಇದ್ದಂಗಿದೆ’ ಅಂದೆ, ಮೊಬೈಲ್‌ನಲ್ಲಿ ಒಂದು ಕ್ಲಿಕ್ ಮಾಡಿಕೊಂಡು ಮುಂದೆ ಹೋದೆ. ಅರ್ಧ ನಿಮಿಷವೂ ನಿಂತಿರಲಿಲ್ಲ.

ರಜೆಗೆ ಹಾನಗಲ್ ತಾಲೂಕಿನ ನಮ್ಮೂರಿಗೆ ಬಂದಾಗ ಅವ್ವ ಆ ಕ್ಲಿಕ್ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಈಕಿ ಉಸುರು ಹಿಡದಾಳ ನೋಡು, ಹಾಲು ಚೆಲ್ಲಬಾರದಂತ’ ಅಂದಳು.

ನನ್ನ ಬಿಇ ಫೀಸಿನ ಅರ್ಧ ಎರಡು ಎಮ್ಮೆಗಳ ಹಾಲಿನಿಂದ ಬಂದದ್ದು. ಡೇರಿಗೆ ಹಾಕುವ ಹಾಲನ್ನು ಅವ್ವ ಹೀಗೇ ಸುರಿಯುತ್ತಿದ್ದಳು. ಅದನ್ನು ನೋಡುತ್ತಲೇ ಬೆಳೆದ ನನಗೆ ಚಿತ್ರದಲ್ಲಿ ಫೋಟೋ ಕಂಡಿತು, ಅವ್ವನಿಗೆ ಉಸಿರು ಕಂಡಿತು.

ಆಮೇಲೆ ಕೂತು ಸರಿಯಾಗಿ ನೋಡಿದೆ. ಅದು ಫೋಟೋ ಇದ್ದಂಗೆ ಇಲ್ಲವೇ ಇಲ್ಲ! ಬ್ರೆಡ್ಡಿನ ಮೇಲೆ ಬೆಳಕು ಸಣ್ಣ ಸಣ್ಣ ಚುಕ್ಕೆಗಳಾಗಿ ಕೂತಿದೆ. ನಿಜವಾದ ಬ್ರೆಡ್ಡು ಹಾಗೆ ಹೊಳೆಯುವುದಿಲ್ಲ. ಹಿಂದಿನ ಗೋಡೆ ಹೆಚ್ಚುಕಡಿಮೆ ಖಾಲಿ, ಅದರ ಮೇಲೆ ಒಂದು ಮೊಳೆ ಮತ್ತು ಅದರ ನೆರಳು ಕಾಣುತ್ತದೆ. ಆ ಗೋಡೆ ಮೇಲೆ ವರ್ಮೀರ್ ಮೊದಲು ಹೂಜಿಗಳನ್ನು ನೇತುಹಾಕುವ ಹಲಗೆ ಬರೆದು, ಆಮೇಲೆ ಅಳಿಸಿದ್ದನೆಂದು 2022ರಲ್ಲಿ ಮ್ಯೂಸಿಯಂನವರೇ ಪರೀಕ್ಷೆ ಮಾಡಿ ಹೇಳಿದರು. ಕ್ಯಾಮೆರಾ ಎದುರಿಗಿದ್ದದ್ದನ್ನೆಲ್ಲ ಹಿಡಿಯುತ್ತದೆ. ಇವನು ಬೇಡದ್ದನ್ನೆಲ್ಲ ತೆಗೆದು, ನಮ್ಮ ಕಣ್ಣು ಆ ಹಾಲಿನ ಎಳೆಯ ಮೇಲೇ ನಿಲ್ಲುವಂತೆ ಮಾಡಿದ್ದಾನೆ.

‘ಥೇಟ್ ಹಂಗೇ ಐತಿ’ ಅನ್ನುವ ಖುಷಿ ತಪ್ಪಲ್ಲ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಟಿ.ಬಿ. ಸೊಲಬಕ್ಕನವರ ಕಟ್ಟಿದ ರಾಕ್ ಗಾರ್ಡನ್‌ಗೆ ಹೋಗಿ ನೋಡಿ. ಅಲ್ಲಿನ ರೈತರ, ಎತ್ತುಗಳ, ಕೆಲಸದಲ್ಲಿ ಮುಳುಗಿದ ಹೆಣ್ಣುಮಕ್ಕಳ ಶಿಲ್ಪಗಳ ಮುಂದೆ ಎಲ್ಲರ ಬಾಯಲ್ಲೂ ಇದೇ ಮಾತು. ಆದರೆ ಅದು ಬಾಗಿಲು, ಮನೆಯಲ್ಲ. ನಾವು ಬಾಗಿಲಲ್ಲೇ ಸೆಲ್ಫಿ ತೆಗೆದುಕೊಂಡು ವಾಪಸ್ ಬರುತ್ತೇವೆ.

ಹೋಲಿಕೆಯೊಂದನ್ನೇ ಹುಡುಕುವ ಕಣ್ಣು ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿ ಪೂರಾ ಸೋಲುತ್ತದೆ. ಅಲ್ಲಿನ ಮಂಟಪದ ಚಾವಣಿ ಎಂಟು ಮೂಲೆಯದು. ಚಾಲುಕ್ಯರ ಕಾಲದ ಶಿಲ್ಪಿಗಳು ಕಲ್ಲಿನ ಸುತ್ತುಗಳನ್ನು ಒಂದರ ಮೇಲೊಂದು ಒಳಕ್ಕೆ ಚಾಚಿಸುತ್ತಾ ಹೋಗಿ, ನಟ್ಟನಡುವೆ ತಾವರೆಯನ್ನು ತೂಗುಬಿಟ್ಟಿದ್ದಾರೆ. ರೋಮಿನ ಪ್ಯಾಂಥಿಯನ್‌ನ 43 ಮೀಟರ್ ಅಗಲದ ಗುಮ್ಮಟಕ್ಕೆ ನಡುವೆ ಇರುವುದು ತೆರೆದ ಬಾಯಿ. ಅಲ್ಲಿ ಆಕಾಶ ಒಳಗೆ ಬರುತ್ತದೆ. ಇಲ್ಲಿ ಕಲ್ಲೇ ಹೂವಾಗಿ ಕೆಳಗಿಳಿಯುತ್ತದೆ. ಯಾವುದು ದೊಡ್ಡದು ಅಂತ ಜಗಳ ಬೇಡ. ತಲೆ ಮೇಲಿನ ಭಾರವನ್ನು ಮರೆಸುವುದು ಹೇಗೆ ಅನ್ನೋ ಒಂದೇ ಪ್ರಶ್ನೆಗೆ ಇವು ಎರಡು ಉತ್ತರ. ಶಾಲೆಯಲ್ಲಿದ್ದಾಗ ಹತ್ತಾರು ಸಲ ಆ ಗುಡಿಗೆ ಹೋಗಿದ್ದೇನೆ. ಕೈ ಮುಗಿದು ಹೊರಗೆ ಬಂದಿದ್ದೇನೆ. ಕತ್ತೆತ್ತಿದ ನೆನಪಿಲ್ಲ.

ಯುರೋಪಿನ ಕಲೆ ಅರ್ಥವಾಗಲು ಅಲ್ಲಿನ ಇತಿಹಾಸವೆಲ್ಲ ಗೊತ್ತಿರಬೇಕು ಅಂತ ನಾವು ಹೆದರುತ್ತೇವೆ. ಗೊತ್ತಿದ್ದರೆ ಒಳ್ಳೆಯದೇ. ಅವ್ವನಿಗೆ ವರ್ಮೀರ್ ಯಾರೆಂದು ಗೊತ್ತಿರಲಿಲ್ಲ, ಹಾಲಿನ ಬೆಲೆ ಗೊತ್ತಿತ್ತು. ಮುಂದಿನ ಸಲ ಮ್ಯೂಸಿಯಂಗೆ ಹೋದರೆ ಐವತ್ತು ಚಿತ್ರ ಮುಗಿಸಬೇಡಿ. ಒಂದರ ಮುಂದೆ ಐದು ನಿಮಿಷ ನಿಲ್ಲಿ.

ಊರಿಂದ ಹೊರಡುವಾಗ ಅವ್ವ ಮತ್ತೊಮ್ಮೆ ಆ ಚಿತ್ರ ತೋರಿಸು ಅಂದಳು. ನೋಡಿ, ‘ಇನ್ನೂ ಸುರುವಾಕತ್ತಾಳಲ್ಲೋ’ ಅಂತ ನಕ್ಕಳು.