‘ನಡುವೆ ಸುಳಿವ ಹೆಣ್ಣು’: ಹೆಸರಿನ ವಿಚಾರ

ಮಂಜಮ್ಮ ಜೋಗತಿಯವರ ಆತ್ಮಕಥನ ‘ನಡುವೆ ಸುಳಿವ ಹೆಣ್ಣು’ ಓದಹೊರಟ ವಾಚಕಮಹಾಶಯರು ಶೀರ್ಷಿಕೆಯಲ್ಲಿಯೇ ತುಸು ನಿಲ್ಲಬೇಕು. ಇದು ದೇವರ ದಾಸಿಮಯ್ಯನ ವಚನವೊಂದನ್ನು ನೆನೆಯಿಸುವ ಮಾತು. ಆದರೆ ಅಲ್ಲಿ ಗಂಡೂ ಹೆಣ್ಣೂ ಅಲ್ಲದ ಆತ್ಮವಿದ್ದೆಡೆಯಲ್ಲಿ ಇಲ್ಲಿ ಹೆಣ್ಣು ಬಂದು ನಿಂತಿರುವಳು. ಈ ಪಲ್ಲಟವೇ ಗ್ರಂಥದ ಜೀವವೆಂದು ನನ್ನ ಎಣಿಕೆ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ‘ತೃತೀಯಲಿಂಗ’ವನ್ನು ಮನ್ನಿಸಿದುದು ಯುಕ್ತವೇ, ಹಕ್ಕಿಗೆ ಆ ಶಬ್ದ ಬೇಕು. ಆದರೆ ೨೦೨೧ರ ಪದ್ಮಶ್ರೀ ಪುರಸ್ಕೃತೆಯಾದ ಈಕೆಯ ಗ್ರಂಥಕ್ಕೆ ಸಂದುದು ‘ಹೆಣ್ಣು’, ಹೆಸರಿಗೆ ಸಂದುದು ‘ಜೋಗತಿ’. ನಮ್ಮ ದೇವದುರ್ಗ, ಮಾನ್ವಿಗಳ ಹಳ್ಳಿಗರಿಗೂ ಎಲ್ಲಮ್ಮನ ಕೊಡ ಹೊತ್ತು ಬರುವವರು ಜೋಗತಿಯರೇ, ಜೋಗಪ್ಪಗಳೇ. ಅಂಕಿಯ ಲಿಂಗ ಅವರ ಬಾಯಿಗೆ ಬಾರದು. ಕೇಶಿರಾಜನೆಣಿಸಿದ ಒಂಬತ್ತು ಲಿಂಗಗಳಾದರೋ ಶಬ್ದಗಳವು, ಮನುಷ್ಯರವಲ್ಲ. ಬೀದಿಯಲ್ಲಿ ಆ ಸಂಖ್ಯೆಯೇ ಬೈಗುಳವಾಗಿದೆ. ರಾಯಚೂರಿನ ತರಗತಿಯಲ್ಲಿ ಮಕ್ಕಳು ಅದಕ್ಕೆ ನಕ್ಕಾಗ ನಾನು ತಡೆಯದೆ ಮುಂದಿನ ಸೂತ್ರಕ್ಕೆ ಹೋದೆನು.